ಅರವತ್ತು ಸಾವಿರದೊಳಗೆ ಮನೆಯಲ್ಲೇ ಗೇಮಿಂಗ್ ಕಂಪ್ಯೂಟರ್ ಜೋಡಿಸುವುದು: ಈ ಕೊಟೇಶನ್ ನೋಡಿ ಸಲಹೆ ಕೊಡಿ

ಬೆಟಗೇರಿಯಿಂದ:

ಎಲ್ಲರಿಗೂ ನಮಸ್ಕಾರ. ನಾನು ಗದಗ-ಬೆಟಗೇರಿಯವನು, ಸಹಕಾರಿ ಸಂಘವೊಂದರಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದೇನೆ. ನನ್ನ ತಮ್ಮ ಧಾರವಾಡದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಇಬ್ಬರಿಗೂ ಆಗುವಂತೆ ಮನೆಯಲ್ಲಿ ಒಂದು ಕಂಪ್ಯೂಟರ್ ಜೋಡಿಸಬೇಕೆಂದಿದ್ದೇವೆ. ರಜೆಯಲ್ಲಿ ಬಂದಾಗ ಅವನು ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2 ಮತ್ತು ಜಿಟಿಎ 5 ಆಡುತ್ತಾನೆ, ಜೊತೆಗೆ ಅವನ ಪ್ರೋಗ್ರಾಮಿಂಗ್ ಅಭ್ಯಾಸವೂ ಇದರಲ್ಲೇ ನಡೆಯಬೇಕು. ಹೆಚ್ಚೆಂದರೆ 60 ಸಾವಿರ ರೂಪಾಯಿ ಹೊಂದಿಸಬಹುದು. ಮಾನಿಟರ್, ಕೀಬೋರ್ಡ್, ಮೌಸ್ ಇವೆ. ಮಾನಿಟರ್ ಹಳೆಯದು, 1080ಪಿ, 60 ಹರ್ಟ್ಸ್.

ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ವಿಚಾರಿಸಿದಾಗ 52 ಸಾವಿರಕ್ಕೆ ಈ ಕೊಟೇಶನ್ ಬರೆದುಕೊಟ್ಟರು: ಐ7 ಪ್ರೊಸೆಸರ್, ಗೇಮಿಂಗ್ ಮದರ್‌ಬೋರ್ಡ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, 512 ಜಿಬಿ ಎಸ್‌ಎಸ್‌ಡಿ, 500 ವ್ಯಾಟ್ ಎಸ್‌ಎಂಪಿಎಸ್ (ಎಲ್ಲ ಭಾಗಗಳಿಗೂ ವಿದ್ಯುತ್ ಕೊಡುವ ಪೆಟ್ಟಿಗೆ), ಬಣ್ಣದ ದೀಪಗಳ ಆರ್‌ಜಿಬಿ ಕ್ಯಾಬಿನೆಟ್. ಐ7 ಎಂದರೆ ಐ5ಗಿಂತ ಮೇಲಿನದು ಎಂದು ಕೇಳಿದ್ದೇನೆ, ಆದರೂ ಇಷ್ಟು ಕಡಿಮೆ ಬೆಲೆಗೆ ಹೇಗೆ ಸಿಗುತ್ತದೆ ಎಂಬ ಸಂಶಯ ಬಂದಿದೆ. ಇದನ್ನೇ ಕೊಳ್ಳಬಹುದೇ, ಅಥವಾ ಬಿಡಿ ಭಾಗಗಳನ್ನು ನಾವೇ ಆರಿಸಿ ಜೋಡಿಸುವುದು ಒಳ್ಳೆಯದೇ, ದಯವಿಟ್ಟು ತಿಳಿದವರು ಹೇಳಬೇಕು.

ವಿದ್ಯಾನಗರ, ಹುಬ್ಬಳ್ಳಿಯಿಂದ:

ಬೆಟಗೇರಿಯವರೇ, ನಿಮ್ಮ ಸಂಶಯ ಸರಿಯಾಗಿದೆ. ಈ ಕೊಟೇಶನ್ನಿನ ಒಂದು ಸಾಲಿನಲ್ಲೂ ಮಾದರಿಯ ಸಂಖ್ಯೆ ಇಲ್ಲ, ಆದ್ದರಿಂದ ಇದನ್ನು ನಂಬಿ ಮುಂಗಡ ಕೊಡಬೇಡಿ. ಐ7 ಎಂಬುದು ಒಂದು ಪ್ರೊಸೆಸರಿನ ಹೆಸರಲ್ಲ, ಹದಿನೈದಕ್ಕೂ ಹೆಚ್ಚು ವರ್ಷಗಳಿಂದ ಮಾರಾಟವಾಗುತ್ತಿರುವ ಒಂದು ಸಾಲಿನ ಹೆಸರು. 2011ರಲ್ಲಿ ಬಂದ ಐ7-2600 ಕೂಡ ಐ7, ಅದರಲ್ಲಿ ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ) ಮತ್ತು ಎಂಟು ಥ್ರೆಡ್ (ಏಕಕಾಲಕ್ಕೆ ನಡೆಯುವ ಕೆಲಸದ ಎಳೆ) ಇವೆ. 2022ರಲ್ಲಿ ಬಂದ ಐ3-12100ಎಫ್‌ನಲ್ಲಿಯೂ ನಾಲ್ಕು ಕೋರ್, ಎಂಟು ಥ್ರೆಡ್‌ಗಳೇ ಇವೆ. ಎಣಿಕೆ ಒಂದೇ ಆದರೂ ಈ ಐ3 ಆ ಐ7ಗಿಂತ ಬಹಳ ವೇಗದ್ದು, ಏಕೆಂದರೆ ಒಂದೊಂದು ಕೋರ್ ಮಾಡುವ ಕೆಲಸವೇ ನಡುವಿನ ವರ್ಷಗಳಲ್ಲಿ ಬಹಳ ಹೆಚ್ಚಿದೆ. ಕಚೇರಿಗಳಿಂದ ಹೊರಬಿದ್ದ ಹಳೆಯ ಐ7ಗಳನ್ನು ಹೊಸದಾಗಿ ತಯಾರಾದ ಎಚ್61 ಎಂಬ ಹಳೆಯ ಮಾದರಿಯ ಬೋರ್ಡಿನ ಮೇಲೆ ಕೂರಿಸಿ, ಹೊಳೆಯುವ ಕ್ಯಾಬಿನೆಟ್ಟಿನಲ್ಲಿಟ್ಟು ಗೇಮಿಂಗ್ ಪಿಸಿ ಎಂದು ಮಾರುವುದು ದೇಶದ ಎಲ್ಲ ಊರುಗಳಲ್ಲೂ ನಡೆಯುತ್ತದೆ. ನಿಮಗೆ ಕೊಡುತ್ತಿರುವುದು ಅದೇ ಎಂದು ಖಚಿತವಾಗಿ ಹೇಳಲಾರೆ, ಆದರೆ ಸಂಖ್ಯೆ ಬರೆಯದ ಕೊಟೇಶನ್ನಿನಲ್ಲಿ ಅದಕ್ಕೆ ಜಾಗ ಉಳಿದಿರುತ್ತದೆ.

ಹಳೆಯದಾದರೇನು, ಓಡಿದರೆ ಸಾಕು ಎನ್ನುವುದಕ್ಕೂ ಇಲ್ಲಿ ಅಡ್ಡಿಯಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೆಯ ತಲೆಮಾರಿನಿಂದ ಮೇಲಿನವನ್ನು, ಅದೂ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇದ್ದರೆ. ನಿಮ್ಮ ತಮ್ಮ ಆಡುವ ವ್ಯಾಲರಂಟ್ ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ (ಯಂತ್ರ ತೆರೆಯುವಾಗಿನ ಭದ್ರತಾ ತಪಾಸಣೆ) ಎರಡನ್ನೂ ಕೇಳುತ್ತದೆ. ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಟ್ಟರೂ ಆಟ ತೆರೆಯುವುದಿಲ್ಲ, ಮತ್ತು ಆ ದಿನ ಅಂಗಡಿಯವರು ಅದು ಆಟದ ದೋಷವೆಂದು ಹೇಳುತ್ತಾರೆ.

ಇನ್ನು 4 ಜಿಬಿ ಗ್ರಾಫಿಕ್ಸ್ ಕಾರ್ಡ್ ಎಂಬ ಸಾಲು. ಜಿಟಿ 730 ಎಂಬ 2014ರ ಕಾರ್ಡ್ ಕೂಡ 4 ಜಿಬಿಯಲ್ಲಿ ಸಿಗುತ್ತದೆ. ಅದರ ಮೆಮೊರಿ ನಿಧಾನಗತಿಯ ಡಿಡಿಆರ್3, ಚಿಪ್ಪಿನ ಶಕ್ತಿ ಅತ್ಯಲ್ಪ. ಛಾವಣಿಯ ಮೇಲೆ ದೊಡ್ಡ ಟಾಕಿ ಇಟ್ಟು ಕೆಳಗೆ ಬೆರಳಿನಷ್ಟು ಸಣ್ಣ ನಳ ಹಚ್ಚಿದಂತೆ, ಜಿಬಿ ಎಷ್ಟಿದ್ದರೂ ಹೊರಗೆ ಬರುವುದು ಅಷ್ಟೇ. ಗ್ರಾಫಿಕ್ಸ್ ಕಾರ್ಡನ್ನು ಜಿಬಿಯಿಂದ ಗುರುತಿಸುವ ಅಭ್ಯಾಸವನ್ನು ಬಿಟ್ಟು, ಚಿಪ್ಪಿನ ಪೂರ್ಣ ಹೆಸರು ಕೇಳಬೇಕು.

ಬಿಡಿ ಭಾಗಗಳನ್ನು ನೀವೇ ಆರಿಸುವುದಾದರೆ ಮಾನಿಟರಿನಿಂದ ಆರಂಭಿಸಿ. ನಿಮ್ಮದು 1080ಪಿ, 60 ಹರ್ಟ್ಸ್, ಎಂದರೆ ಸೆಕೆಂಡಿಗೆ 60ಕ್ಕಿಂತ ಹೆಚ್ಚು ಚಿತ್ರಗಳನ್ನು ಅದು ತೋರಿಸಲಾರದು. ಈ ಮಟ್ಟಕ್ಕೆ ಎಎಂಡಿಯ ಆರ್‌ಎಕ್ಸ್ 6600 ಧಾರಾಳವಾಗಿ ಸಾಕು: 8 ಜಿಬಿ ಜಿಡಿಡಿಆರ್6 ಮೆಮೊರಿ, 128 ಬಿಟ್ ದಾರಿ, ಬಳಸುವುದು ಕೇವಲ 132 ವ್ಯಾಟ್. 2021ರ ಕಾರ್ಡ್ ಆದ್ದರಿಂದ ಎಲ್ಲ ಕಡೆ ದಾಸ್ತಾನು ಇರುವುದಿಲ್ಲ, ಆದರೆ ಸಿಕ್ಕರೆ ಈ ಬಜೆಟ್ಟಿನಲ್ಲಿ ಅದಕ್ಕೆ ಸರಿಗಟ್ಟುವುದು ಕಷ್ಟ. ಸಿಗದಿದ್ದರೆ 2025ರಲ್ಲಿ ಬಂದ, ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 5050 ನೋಡಬಹುದು. ಅದೂ 8 ಜಿಬಿಯದೇ, 130 ವ್ಯಾಟಿನದು.

ಎರಡು ಕಾರ್ಡುಗಳ ವಿಷಯದಲ್ಲಿ ಎಚ್ಚರ ಬೇಕು. ಆರ್‌ಟಿಎಕ್ಸ್ 3050 ಎಂಬ ಒಂದೇ ಹೆಸರಿನಲ್ಲಿ 8 ಜಿಬಿಯದೂ 6 ಜಿಬಿಯದೂ ಇವೆ. 6 ಜಿಬಿಯದು 2024ರಲ್ಲಿ ಬಂದದ್ದು, ಅದರಲ್ಲಿ ಮೆಮೊರಿ ಮಾತ್ರವಲ್ಲ ಕೋರ್‌ಗಳೂ ಕಡಿಮೆ, ಮೆಮೊರಿಯ ದಾರಿ 128ರ ಬದಲು 96 ಬಿಟ್. ಅದು 70 ವ್ಯಾಟಿನಲ್ಲಿ ನಡೆಯುತ್ತದೆ, ಹೆಚ್ಚಿನ ಮಾದರಿಗಳಿಗೆ ಪ್ರತ್ಯೇಕ ವಿದ್ಯುತ್ ತಂತಿ ಬೇಡ, ಹಳೆಯ ಆಫೀಸ್ ಕಂಪ್ಯೂಟರಿಗೆ ಹಾಕುವವರಿಗೆ ಅದು ನಿಜವಾಗಿಯೂ ಒಳ್ಳೆಯದು. ಹೊಸದಾಗಿ ಜೋಡಿಸುವ ನಿಮಗೆ ಅಲ್ಲ. ಎರಡನೆಯದು ಆರ್‌ಎಕ್ಸ್ 6500 ಎಕ್ಸ್‌ಟಿ. ಹೆಸರು 6600ಕ್ಕೆ ಹತ್ತಿರವಿದ್ದರೂ ಅದರಲ್ಲಿ 64 ಬಿಟ್ ದಾರಿ, ನಾಲ್ಕೇ ಪಿಸಿಐಇ ಲೇನ್ (ಕಾರ್ಡಿಗೂ ಬೋರ್ಡಿಗೂ ನಡುವಿನ ದಾರಿ), ಸಾಮಾನ್ಯವಾಗಿ 4 ಜಿಬಿ ಮೆಮೊರಿ, ಮತ್ತು ಆಟವನ್ನು ರೆಕಾರ್ಡ್ ಮಾಡಲು ಬೇಕಾದ ವಿಡಿಯೋ ಎನ್‌ಕೋಡರ್ ಚಿಪ್ಪಿನಲ್ಲೇ ಇಲ್ಲ.

ಪ್ರೊಸೆಸರಿಗೆ ಎಎಂಡಿಯ ರೈಜನ್ 5 5600 ನನ್ನ ಆಯ್ಕೆ. ಆರು ಕೋರ್, ಹನ್ನೆರಡು ಥ್ರೆಡ್, 65 ವ್ಯಾಟ್ ವರ್ಗ, ಪೆಟ್ಟಿಗೆಯೊಳಗೇ ಕೂಲರ್ ಬರುತ್ತದೆ. ಇಂಟೆಲ್‌ನಲ್ಲಿ ಇದಕ್ಕೆ ಸಮನಾದದ್ದು ಐ5-12400ಎಫ್. ನಿಮ್ಮ ಊರಿನಲ್ಲಿ ಬೋರ್ಡ್ ಸೇರಿಸಿ ಯಾವುದು ಅಗ್ಗವಾಗುತ್ತದೆಯೋ ಅದನ್ನು ಕೊಳ್ಳಿ, ಇವೆರಡರ ನಡುವೆ ಆರಿಸುವುದಕ್ಕೆ ನಿದ್ದೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ.

ರಾಣೆಬೆನ್ನೂರಿನಿಂದ:

ವಿದ್ಯಾನಗರದ ಸರ್ ಹೇಳಿದ್ದರಲ್ಲಿ ಬಹುಪಾಲು ಒಪ್ಪುತ್ತೇನೆ, ಆದರೆ ಇನ್ನೊಂದು ದಾರಿಯನ್ನೂ ಬೆಟಗೇರಿಯವರ ಮುಂದಿಡಬೇಕು. ನಾನು ಮದುವೆ ಸಮಾರಂಭಗಳ ವಿಡಿಯೋ ಎಡಿಟಿಂಗ್ ಮಾಡುವವಳು, ನಮ್ಮ ಸ್ಟುಡಿಯೋದ ಯಂತ್ರಗಳನ್ನು ನಾನೇ ಜೋಡಿಸುತ್ತೇನೆ. ಇಡೀ ಹಣ ಒಮ್ಮೆಗೇ ಕೈಯಲ್ಲಿ ಇಲ್ಲದವರು ರೈಜನ್ 5 5600ಜಿ ಕೊಂಡು ಗ್ರಾಫಿಕ್ಸ್ ಕಾರ್ಡ್ ಇಲ್ಲದೆಯೇ ಆರಂಭಿಸಬಹುದು. ಅದರೊಳಗೆ ರೇಡಿಯಾನ್ ವೇಗಾ ಗ್ರಾಫಿಕ್ಸ್ ಇದೆ. ವ್ಯಾಲರಂಟ್ ಅಷ್ಟರಲ್ಲೇ ಚೆನ್ನಾಗಿ ಓಡುತ್ತದೆ, ಜಿಟಿಎ 5 ಕೂಡ ಸೆಟ್ಟಿಂಗ್ ಇಳಿಸಿದರೆ ಆಡುವಂತಿರುತ್ತದೆ. ಮುಂದೆ ಬೆಳೆ ಬಂದಾಗಲೋ ಬೋನಸ್ ಬಂದಾಗಲೋ ಕಾರ್ಡ್ ಹಾಕಿಕೊಳ್ಳಬಹುದು. ಇನ್ನೊಂದು ಲಾಭವೆಂದರೆ, ಕಾರ್ಡ್ ಕೆಟ್ಟು ವಾರಂಟಿಗೆ ಹೋದ ದಿನಗಳಲ್ಲಿ ಕಂಪ್ಯೂಟರ್ ಕಪ್ಪು ಪರದೆಯಾಗಿ ಮೂಲೆಯಲ್ಲಿ ಕೂರುವುದಿಲ್ಲ. ನಮ್ಮ ಜಿಲ್ಲೆಗಳಿಂದ ಕಳಿಸಿದ ಕಾರ್ಡ್ ಮರಳಿ ಬರಲು ವಾರಗಳೇ ಹಿಡಿಯುತ್ತವೆ, ಓದುವ ಹುಡುಗನ ಯಂತ್ರ ಅಷ್ಟು ಕಾಲ ನಿಲ್ಲಬಾರದು.

ವಿದ್ಯಾನಗರ, ಹುಬ್ಬಳ್ಳಿಯಿಂದ:

ಅಕ್ಕನವರೇ, ಕೊನೆಯ ಮಾತು ತೂಕದ್ದು, ಅದನ್ನು ನಾನು ಸೇರಿಸಬೇಕಿತ್ತು. 5600 ಆಗಲಿ 12400ಎಫ್ ಆಗಲಿ ಕಾರ್ಡ್ ಇಲ್ಲದೆ ಪರದೆಗೆ ಚಿತ್ರವನ್ನೇ ಕೊಡುವುದಿಲ್ಲ. ಆದರೆ 5600ಜಿಯಲ್ಲಿ ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ) 16 ಎಂಬಿ ಮಾತ್ರ, 5600ರಲ್ಲಿ 32 ಎಂಬಿ. ಆಟಗಳಲ್ಲಿ ಈ ವ್ಯತ್ಯಾಸ ಕಾಣುತ್ತದೆ. ಹಣ ಎರಡು ಕಂತಿನಲ್ಲಿ ಬರುವುದಾದರೆ ನಿಮ್ಮ ದಾರಿ, ಒಮ್ಮೆಗೇ ಇದ್ದರೆ 5600 ಮತ್ತು ಕಾರ್ಡ್. 5600ಜಿ ಕೊಳ್ಳುವವರು ರ‍್ಯಾಮ್ ಮಾತ್ರ ಕಡ್ಡಾಯವಾಗಿ ಜೋಡಿಯಾಗಿ ಹಾಕಬೇಕು, ಏಕೆಂದರೆ ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ. ಒಂದೇ ಡಿಡಿಆರ್4-3200 ಕಡ್ಡಿ ಸೆಕೆಂಡಿಗೆ 25.6 ಜಿಬಿ ಸಾಗಿಸಬಲ್ಲದು, ಎರಡು ಚಾನೆಲ್‌ಗಳಲ್ಲಿ ಎರಡಿದ್ದರೆ 51.2 ಜಿಬಿ.

ಸಾಧನಕೇರಿ, ಧಾರವಾಡದಿಂದ:

ಇಷ್ಟು ಚರ್ಚೆಯಾದರೂ ಎಸ್‌ಎಂಪಿಎಸ್ ಬಗ್ಗೆ ಯಾರೂ ಮಾತಾಡಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ನಾನು ಯುಪಿಎಸ್ ಮತ್ತು ವಿದ್ಯುತ್ ಸಾಧನಗಳ ರಿಪೇರಿಯಲ್ಲಿ ತಲೆ ನರೆಸಿಕೊಂಡವನು. ನನ್ನ ಮೇಜಿನ ಮೇಲೆ ಬರುವ ಸತ್ತ ಮದರ್‌ಬೋರ್ಡುಗಳ ಜೊತೆ ಬರುವ ಎಸ್‌ಎಂಪಿಎಸ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಜಾತಿಯವು: ಕೈಯಲ್ಲಿ ಹಿಡಿದರೆ ಹಗುರ, ಮೇಲೆ ದಪ್ಪ ಅಕ್ಷರದಲ್ಲಿ 500 ವ್ಯಾಟ್.

ಬೆಟಗೇರಿಯವರೇ, ಅಂಗಡಿಗೆ ಹೋದಾಗ ಎಸ್‌ಎಂಪಿಎಸ್‌ನ ಪಕ್ಕದಲ್ಲಿ ಅಂಟಿಸಿದ ಕೋಷ್ಟಕವನ್ನು ಓದಿ. ಅದರಲ್ಲಿ +3.3, +5, +12 ಎಂದು ಕಾಲಂಗಳಿರುತ್ತವೆ, ಕೆಳಗೆ ಆಂಪಿಯರ್ ಇರುತ್ತದೆ. +12 ವೋಲ್ಟಿನ ಕೆಳಗಿರುವ ಆಂಪಿಯರನ್ನು 12ರಿಂದ ಗುಣಿಸಿ. ಉದಾಹರಣೆಗೆ ಅಲ್ಲಿ 16 ಎಂದಿದ್ದರೆ ಸಿಗುವುದು 192 ವ್ಯಾಟ್. ಇಂದಿನ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಬಹುಪಾಲು ಶಕ್ತಿಯನ್ನು ಆ 12 ವೋಲ್ಟಿನ ಸಾಲಿನಿಂದಲೇ ಎಳೆಯುತ್ತವೆ, ಉಳಿದ ಸಾಲುಗಳ ವ್ಯಾಟನ್ನು ಕೂಡಿಸಿ 500 ಎಂದು ಬರೆದರೆ ನಿಮಗೇನೂ ಉಪಯೋಗವಿಲ್ಲ. ಆರ್‌ಎಕ್ಸ್ 6600 ಒಂದೇ 132 ವ್ಯಾಟ್ ಕೇಳುತ್ತದೆ, ಪ್ರೊಸೆಸರ್ ಪೂರ್ಣ ಭಾರದಲ್ಲಿ 65ಕ್ಕಿಂತ ಒಂದಿಷ್ಟು ಹೆಚ್ಚೇ ಕೇಳುತ್ತದೆ, ಬೋರ್ಡ್, ಎಸ್‌ಎಸ್‌ಡಿ, ಫ್ಯಾನುಗಳನ್ನು ಸೇರಿಸಿದರೆ ಸುಮಾರು 250 ವ್ಯಾಟ್ ಆಗುತ್ತದೆ. ಒಳ್ಳೆಯ ಕಂಪನಿಯ, 12 ವೋಲ್ಟಿನಲ್ಲೇ ಬಹುತೇಕ ಪೂರ್ಣ ಶಕ್ತಿ ಕೊಡುವ 450 ಅಥವಾ 550 ವ್ಯಾಟಿನದು ಸಾಕು. 80 ಪ್ಲಸ್ ಬ್ರಾಂಜ್ ಗುರುತು ಇರಲಿ, ಆದರೆ ಆ ಗುರುತು ಹೇಳುವುದು ವಿದ್ಯುತ್ ಎಷ್ಟು ಪೋಲಾಗುತ್ತದೆ ಎಂಬುದನ್ನು ಮಾತ್ರ, ಒಳಗಿನ ರಕ್ಷಣೆಗಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಐದು ವರ್ಷದ ವಾರಂಟಿ ಕೊಡುವ ಮಾದರಿಗಳನ್ನು ಮೊದಲು ನೋಡಿ. ಮಾರಾಟಗಾರರ ಮಾತಿಗಿಂತ ತಯಾರಕರು ಎಷ್ಟು ವರ್ಷಕ್ಕೆ ಹೊಣೆ ಹೊರುತ್ತಾರೆ ಎಂಬುದು ಹೆಚ್ಚು ನಂಬುವಂಥದ್ದು.

ಯುಪಿಎಸ್ ಬಗ್ಗೆ: ನಮ್ಮ ಕಡೆ ಎಲ್ಲರೂ ಕೊಳ್ಳುವ 600 ವಿಎ ಯುಪಿಎಸ್ ಕೊಡುವುದು ಸಾಮಾನ್ಯವಾಗಿ 360 ವ್ಯಾಟ್. ನಿಮ್ಮ ಯಂತ್ರಕ್ಕೂ ಮಾನಿಟರಿಗೂ ಲೆಕ್ಕದಲ್ಲಿ ಅದು ಹೊಂದುತ್ತದೆ, ಆದರೆ ಆಟದ ನಡುವೆ ಕರೆಂಟ್ ಹೋದರೆ ಎಳೆತ ತಟ್ಟನೆ ಏರಿ ಯುಪಿಎಸ್ ಕೈಬಿಡಬಹುದು. 1 ಕೆವಿಎ ಆಸುಪಾಸಿನದು ನೆಮ್ಮದಿ. ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ ಆಕ್ಟಿವ್ ಪಿಎಫ್‌ಸಿ ಎಂಬ ವ್ಯವಸ್ಥೆ ಇರುತ್ತದೆ. ಅಗ್ಗದ ಯುಪಿಎಸ್ ಬ್ಯಾಟರಿಗೆ ಬದಲಾದಾಗ ಕೊಡುವ ಮೆಟ್ಟಿಲು ಮೆಟ್ಟಿಲಾದ ಅಲೆ ಕೆಲವು ಸಲ ಅದಕ್ಕೆ ಒಗ್ಗುವುದಿಲ್ಲ, ಕಂಪ್ಯೂಟರ್ ತಟ್ಟನೆ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಆಗ ಹಲವರು ಎಸ್‌ಎಂಪಿಎಸ್ ಕೆಟ್ಟಿದೆ ಎಂದು ಬದಲಿಸಲು ಓಡುತ್ತಾರೆ. ಕೊಳ್ಳುವ ಮೊದಲೇ ಅಂಗಡಿಯಲ್ಲಿ ಎರಡನ್ನೂ ಕೂಡಿಸಿ, ಗೋಡೆಯ ಸ್ವಿಚ್ ಆರಿಸಿ ನೋಡಲು ಕೇಳಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದು ಶುದ್ಧ ಸೈನ್ ವೇವ್ ಹೌದೋ ಅಲ್ಲವೋ ನೋಡಿ, ಅಲ್ಲದಿದ್ದರೆ ಆ ಸಾಲಿಗೆ ಗೇಮಿಂಗ್ ಕಂಪ್ಯೂಟರ್ ಹಚ್ಚಬೇಡಿ.

ಎಲ್ಲಕ್ಕಿಂತ ಮೊದಲು ಅರ್ಥಿಂಗ್. ಗದಗ, ಹಾವೇರಿ, ಧಾರವಾಡದ ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಮೂರನೆಯ ತೂತಿನ ಹಿಂದೆ ತಂತಿಯೇ ಇರುವುದಿಲ್ಲ. ಹಾಗಿದ್ದಾಗ ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳ ಮೂಲಕ ಕ್ಯಾಬಿನೆಟ್ಟಿಗೆ ಮನೆಯ ವೋಲ್ಟೇಜಿನ ಸುಮಾರು ಅರ್ಧದಷ್ಟು ಬಂದು ನಿಲ್ಲುತ್ತದೆ. ಹಿಂಬದಿಯ ಸ್ಕ್ರೂ ಮುಟ್ಟಿದರೆ ಜುಮ್ಮೆನ್ನುತ್ತದೆ, ಟೆಸ್ಟರ್ ಹಚ್ಚಿದರೆ ಮಂದವಾಗಿ ಹೊತ್ತುತ್ತದೆ. ಪ್ರವಾಹ ಅಲ್ಪವಾದದ್ದು, ಆದರೂ ಯುಎಸ್‌ಬಿ, ಎಚ್‌ಡಿಎಂಐ ಪೋರ್ಟುಗಳಿಗೆ ಅದು ಒಳ್ಳೆಯದಲ್ಲ, ಮತ್ತು ಒಳಗೆ ನಿಜವಾದ ದೋಷವಾದ ದಿನ ನಿಮ್ಮನ್ನು ಕಾಯುವ ದಾರಿ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಮಲ್ಟಿಮೀಟರಿನಲ್ಲಿ ನೋಡಿಸಿ: ಫೇಸ್ ಮತ್ತು ಅರ್ಥ್ ನಡುವೆ ಪೂರ್ತಿ ವೋಲ್ಟೇಜ್ ಬರಬೇಕು, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟಿಗಿಂತ ಹೆಚ್ಚು ಬರಬಾರದು. ಏಪ್ರಿಲ್, ಮೇ ತಿಂಗಳ ಅಡ್ಡಮಳೆಯಲ್ಲಿ ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತಿಡಿ. ಜೊತೆಗೆ ಇಂಟರ್ನೆಟ್ಟಿನ ತಾಮ್ರದ ತಂತಿಯನ್ನೂ ಕಿತ್ತಿಡಿ, ಏಕೆಂದರೆ ಸಿಡಿಲಿನ ಹೊಡೆತ ಲ್ಯಾನ್ ಪೋರ್ಟಿನಿಂದಲೂ ಒಳಗೆ ಬರುತ್ತದೆ.

ಬೆಟಗೇರಿಯಿಂದ:

ಸರ್, ತುಂಬಾ ಉಪಕಾರವಾಯಿತು. ನಿಮ್ಮ ಬರಹ ಓದಿದ ಮೇಲೆ ನಮ್ಮ ಪರಿಚಯದ ಎಲೆಕ್ಟ್ರಿಷಿಯನ್ನರನ್ನು ಕರೆಸಿದೆ. ಮುಂಭಾಗದ ಕೋಣೆಯಲ್ಲಿ ಅರ್ಥಿಂಗ್ ಸರಿಯಿದೆ, ಕಂಪ್ಯೂಟರ್ ಇಡಬೇಕೆಂದಿದ್ದ ಅಟ್ಟದ ಕೋಣೆಯಲ್ಲಿ ಇಲ್ಲ. ಈಗ ಹೊಸ ತಂತಿ ಎಳೆಸುತ್ತಿದ್ದೇವೆ.

ಇನ್ನು ಮೂರು ಸಂಗತಿಗಳು ಉಳಿದಿವೆ. ರ‍್ಯಾಮ್ ಬೆಲೆ ಕೇಳಿ ಗಾಬರಿಯಾಯಿತು, ಕಳೆದ ವರ್ಷ ಗೆಳೆಯರೊಬ್ಬರು ಕೊಂಡ ಬೆಲೆಗೂ ಈಗಿನದಕ್ಕೂ ಸಂಬಂಧವೇ ಇಲ್ಲ. ತಮ್ಮ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಕೊಂಡು ಹಣ ಉಳಿಸೋಣ ಎನ್ನುತ್ತಾನೆ. ಮತ್ತು ಬೇಸಿಗೆಯಲ್ಲಿ ನಮ್ಮ ಗದಗಿನ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಅಟ್ಟದ ಕೋಣೆಗೆ ಎಸಿ ಇಲ್ಲ. ವಾಟರ್ ಕೂಲರ್ ಬೇಕೇ?

ವಿದ್ಯಾನಗರ, ಹುಬ್ಬಳ್ಳಿಯಿಂದ:

ರ‍್ಯಾಮ್ ಬೆಲೆ 2025ರ ಕೊನೆಯ ತಿಂಗಳುಗಳಿಂದ ವಿಪರೀತ ಏರಿದೆ. ಮೆಮೊರಿ ಚಿಪ್ ತಯಾರಿಸುವ ಕಂಪನಿಗಳು ಬೆರಳೆಣಿಕೆಯಷ್ಟು, ಅವು ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳಿಗೆ ಬೇಕಾದ ಮೆಮೊರಿಯ ಕಡೆ ಕಾರ್ಖಾನೆಗಳನ್ನು ತಿರುಗಿಸಿವೆ. ಮೈಕ್ರಾನ್ ಕಂಪನಿ ಕ್ರೂಶಿಯಲ್ ಹೆಸರಿನಲ್ಲಿ ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ ವ್ಯಾಪಾರವನ್ನೇ ಬಿಡುವುದಾಗಿ 2025ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಹೀಗಿರುವಾಗ ಕಾದರೆ ಇಳಿಯುತ್ತದೆ ಎಂದು ಭರವಸೆ ಕೊಡಲಾರೆ. 16 ಜಿಬಿಗಿಂತ ಹೆಚ್ಚು ಈಗ ಬೇಡ, 8 ಜಿಬಿಗೆ ಇಳಿಯಲೂ ಬೇಡ. 8ರ ಎರಡು ಕಡ್ಡಿ ಹಾಕಿದರೆ ಈಗಲೇ ಎರಡೂ ಚಾನೆಲ್ ತುಂಬುತ್ತವೆ. ನೀವು ಪ್ರತ್ಯೇಕ ಕಾರ್ಡ್ ಹಾಕುತ್ತಿರುವುದರಿಂದ, ಬೆಲೆಯಲ್ಲಿ ದೊಡ್ಡ ಅಂತರವಿದ್ದರೆ 16ರ ಒಂದೇ ಕಡ್ಡಿ ಹಾಕಿ ಮುಂದೆ ಇನ್ನೊಂದನ್ನು ಸೇರಿಸುವುದೂ ನಡೆಯುತ್ತದೆ, ಅಲ್ಲಿಯವರೆಗೆ ಕೆಲವು ಆಟಗಳಲ್ಲಿ ಫ್ರೇಮ್ ಕಡಿಮೆ ಬರುತ್ತದೆ.

ಜೋಡಿಸಿದ ಮೇಲೆ ಬಯಾಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗುಗಳ ಪರದೆ) ಎಕ್ಸ್‌ಎಂಪಿ ಎಂಬುದನ್ನು ಆನ್ ಮಾಡಬೇಕು. ಮಾಡದಿದ್ದರೆ 3200 ಎಂದು ಕೊಂಡ ಹಲವು ರ‍್ಯಾಮ್‌ಗಳು 2133 ಅಥವಾ 2400ರಲ್ಲೇ ಓಡುತ್ತವೆ. ಟಾಸ್ಕ್ ಮ್ಯಾನೇಜರಿನಲ್ಲಿ ಪರ್ಫಾರ್ಮೆನ್ಸ್ ಒತ್ತಿ, ಮೆಮೊರಿ ಆರಿಸಿದರೆ ಬಲಗಡೆ ಕೆಳಗೆ ವೇಗವೂ ಎಷ್ಟು ಸ್ಲಾಟ್ ತುಂಬಿದೆ ಎಂಬುದೂ ಕಾಣುತ್ತದೆ. ಅಂಗಡಿಯಲ್ಲಿ ಜೋಡಿಸಿಕೊಟ್ಟರೆ ಹಣ ಕೊಡುವ ಮೊದಲು ಈ ಪರದೆಯನ್ನು ತೆರೆದು ನೋಡಿ.

ರ‍್ಯಾಮ್ ದುಬಾರಿಯಾಗಿರುವುದೇ ಎಎಂ4 (5600 ಕೂರುವ ಸಾಕೆಟ್) ಬೋರ್ಡಿನ ಪರ ನಾನು ನಿಲ್ಲಲು ಕಾರಣ. ಅದರ ನಂತರದ ಎಎಂ5 ಸಾಕೆಟ್ಟಿನ ಬೋರ್ಡುಗಳಿಗೆ ಡಿಡಿಆರ್5 ಮಾತ್ರ ಕೂರುತ್ತದೆ. ಎಎಂ4ರಲ್ಲಾದರೆ ಗೆಳೆಯರ ಬಳಿಯೋ ಹಳೆಯ ಕಂಪ್ಯೂಟರಿನಲ್ಲೋ ಇರುವ ಡಿಡಿಆರ್4 ಕಡ್ಡಿಯೂ ಉಪಯೋಗಕ್ಕೆ ಬರುತ್ತದೆ. ಬೋರ್ಡ್ ಬಿ550 ಸಿಕ್ಕರೆ ಒಳ್ಳೆಯದು, ಎ520 ಸಹ ಸಾಕು. ಆರ್‌ಎಕ್ಸ್ 6600 ಎಂಟು ಲೇನಿನ ಕಾರ್ಡ್, ಎ520ರ ಪಿಸಿಐಇ 3.0ರಲ್ಲಿ ಅದು ಕಳೆದುಕೊಳ್ಳುವುದು ಅಲ್ಪ. ಹಳೆಯ ದಾಸ್ತಾನಿನ ಬಿ450 ಕೊಟ್ಟರೆ ಮಾತ್ರ, 5600ಕ್ಕೆ ಬೇಕಾದ ಬಯಾಸ್ ಅಪ್‌ಡೇಟ್ ಆಗಿದೆಯೇ ಎಂದು ಕೇಳಿ. ಆಗಿರದಿದ್ದರೆ ಯಂತ್ರ ಚಾಲೂ ಆಗುವುದೇ ಇಲ್ಲ.

ಎಸ್‌ಎಸ್‌ಡಿ ಎನ್‌ವಿಎಂಇ (ಬೋರ್ಡಿಗೇ ನೇರವಾಗಿ ಕೂರುವ ವೇಗದ ಜಾತಿ) ಇರಲಿ, ಪಿಸಿಐಇ 3.0 ವೇಗದ್ದು ಆಟಗಳಿಗೆ ಸಾಕು. ಜಿಟಿಎ 5 ಒಂದೇ ನೂರು ಜಿಬಿ ಮೀರುತ್ತದೆ, ಹಣ ಉಳಿದರೆ 1 ಟಿಬಿಗೆ ಹೋಗಿ.

ಹಾವೇರಿಯಿಂದ:

ಎಎಂ4 ಬಗ್ಗೆ ನನ್ನದೊಂದು ಭಿನ್ನಾಭಿಪ್ರಾಯವಿದೆ. ಆ ಸಾಕೆಟ್ಟಿನಲ್ಲಿ ಮುಂದೆ ಹೊಸ ತಲೆಮಾರಿನ ಪ್ರೊಸೆಸರುಗಳು ಬರುವುದಿಲ್ಲ, ಎಎಂ5ಕ್ಕೆ 2027ರವರೆಗೂ ಅದರಾಚೆಗೂ ಬೆಂಬಲ ಕೊಡುವುದಾಗಿ ಎಎಂಡಿ ಹೇಳಿದೆ. ಈಗ ಸ್ವಲ್ಪ ಕಷ್ಟಪಟ್ಟು ಎಎಂ5 ಬೋರ್ಡ್ ಕೊಂಡರೆ ನಾಲ್ಕು ವರ್ಷಗಳ ನಂತರ ಪ್ರೊಸೆಸರ್ ಮಾತ್ರ ಬದಲಿಸಿದರಾಯಿತು.

ವಿದ್ಯಾನಗರ, ಹುಬ್ಬಳ್ಳಿಯಿಂದ:

ಎಂಬತ್ತು ಸಾವಿರ ಇದ್ದವರಿಗೆ ನಾನೂ ಅದನ್ನೇ ಹೇಳುತ್ತೇನೆ. ಅರವತ್ತರಲ್ಲಿ ಎಎಂ5ಕ್ಕೆ ಹೋದರೆ ಹೆಚ್ಚಿನ ಹಣ ಗ್ರಾಫಿಕ್ಸ್ ಕಾರ್ಡಿನಿಂದಲೋ ಎಸ್‌ಎಂಪಿಎಸ್‌ನಿಂದಲೋ ಕಡಿತವಾಗಬೇಕು. ಆಟ ಆಡುವ ಯಂತ್ರದಲ್ಲಿ ಒಟ್ಟು ಹಣದ ಮೂರನೆಯ ಒಂದು ಭಾಗವಾದರೂ ಕಾರ್ಡಿಗೆ ಹೋಗದಿದ್ದರೆ ಉಳಿದದ್ದು ಎಷ್ಟು ಹೊಸದಾಗಿದ್ದೂ ಫಲವಿಲ್ಲ.

ರಾಣೆಬೆನ್ನೂರಿನಿಂದ:

ಸೆಕೆಂಡ್ ಹ್ಯಾಂಡ್ ಬಗ್ಗೆ ನಾನು ಹೇಳುತ್ತೇನೆ. ಎಥೀರಿಯಂ ಎಂಬ ಡಿಜಿಟಲ್ ನಾಣ್ಯ 2022ರ ಸೆಪ್ಟೆಂಬರಿನಲ್ಲಿ ಮೈನಿಂಗ್ (ಗ್ರಾಫಿಕ್ಸ್ ಕಾರ್ಡುಗಳಿಂದ ಲೆಕ್ಕ ಮಾಡಿಸಿ ನಾಣ್ಯ ಗಳಿಸುವ) ಪದ್ಧತಿಯನ್ನೇ ಬಿಟ್ಟ ಮೇಲೆ, ಹಗಲಿರುಳು ದುಡಿದ ಕಾರ್ಡುಗಳು ಬಹಳಷ್ಟು ಮಾರುಕಟ್ಟೆಗೆ ಬಂದವು. ಮೈನಿಂಗ್ ಮಾಡಿದ ಕಾರ್ಡೆಲ್ಲ ಕೆಟ್ಟದ್ದಲ್ಲ, ಆದರೆ ಫ್ಯಾನಿನ ಬೇರಿಂಗ್ ಮತ್ತು ಥರ್ಮಲ್ ಪ್ಯಾಡ್‌ಗಳು (ಶಾಖ ಸಾಗಿಸುವ ಮೆತ್ತೆಗಳು) ಸವೆದಿರುತ್ತವೆ. ಆರ್‌ಎಕ್ಸ್ 580 ಎಂದು ಮಾರುವುದರಲ್ಲಿ 2048ಎಸ್‌ಪಿ ಎಂಬ ಕಡಿಮೆ ಕೋರ್‌ಗಳ ಮಾದರಿಯೇ ಹೆಚ್ಚು, ಅದು ವಾಸ್ತವದಲ್ಲಿ 570ಕ್ಕೆ ಸಮ. ಜಿಟಿಎಕ್ಸ್ 1060ರಂತಹ 10ರ ಸಾಲಿನ ಕಾರ್ಡುಗಳಿಗೆ ಆಟಗಳ ಹೊಸ ಡ್ರೈವರ್ ಕೊಡುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರಿಗೆ ನಿಲ್ಲಿಸಿದೆ, ಇನ್ನು ಬರುವುದು ಸುರಕ್ಷತೆಯ ತಿದ್ದುಪಡಿಗಳು ಮಾತ್ರ. ಆದ್ದರಿಂದ ತಮ್ಮನಿಗೆ ಹೇಳಿ: ಹಳೆಯದನ್ನು ಕೊಂಡರೂ ಆರ್‌ಎಕ್ಸ್ 6600 ಅಥವಾ ಆರ್‌ಟಿಎಕ್ಸ್ 3060ಕ್ಕಿಂತ ಹಿಂದಿನದು ಬೇಡ. ಮಾರುವವರ ಮನೆಯಲ್ಲೇ ಹಚ್ಚಿಸಿ, ಜಿಪಿಯು-ಝಡ್ ಎಂಬ ತಂತ್ರಾಂಶ ತೆರೆದು ಕೋರ್‌ಗಳ ಸಂಖ್ಯೆ ನೋಡಿ, ಭಾರವಾದ ಪರೀಕ್ಷೆಯೊಂದನ್ನು ಕಾಲು ಗಂಟೆ ಓಡಿಸಿ. ಪರದೆಯ ಮೇಲೆ ಬಣ್ಣದ ಚುಕ್ಕೆಗಳು ಬಂದರೆ, ಫ್ಯಾನ್ ಕರಕರ ಎಂದರೆ ಅಲ್ಲೇ ಬಿಟ್ಟು ಬನ್ನಿ. ಪರೀಕ್ಷೆಗೆ ಒಪ್ಪದವರ ಹತ್ತಿರ ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ.

ಬಿಸಿಲಿನ ವಿಷಯದಲ್ಲಿ ವಾಟರ್ ಕೂಲರ್ ಬೇಕಾಗಿಲ್ಲ. 65 ವ್ಯಾಟಿನ ಪ್ರೊಸೆಸರಿಗೆ ಪೆಟ್ಟಿಗೆಯ ಕೂಲರ್ ಸಾಕು, ಕೋಣೆ 40 ಡಿಗ್ರಿ ಇದ್ದಾಗ ಅದು ಜೋರಾಗಿ ಸದ್ದು ಮಾಡುತ್ತದೆ ಅಷ್ಟೇ. 5600ರ ಮಿತಿ 90 ಡಿಗ್ರಿ, ಅಲ್ಲಿಗೆ ಬಂದರೆ ಅದು ತಾನೇ ವೇಗ ಇಳಿಸಿಕೊಳ್ಳುತ್ತದೆ. ಹಣ ಹಾಕಬೇಕಾದದ್ದು ಗಾಳಿಯಾಡುವ ಕ್ಯಾಬಿನೆಟ್ಟಿಗೆ. ಮುಂಭಾಗದಲ್ಲಿ ಗಾಜಿನ ಹಾಳೆ ಇರುವುದು ನೋಡಲು ಚೆಂದ, ಆದರೆ ಫ್ಯಾನುಗಳಿಗೆ ಗಾಳಿ ಎಳೆಯಲು ದಾರಿಯಿರುವುದಿಲ್ಲ. ಜಾಲರಿಯ ಮುಖವಿರುವುದನ್ನು ಆರಿಸಿ, ಮುಂದೆ ಎರಡು ಫ್ಯಾನ್ ಒಳಕ್ಕೆ, ಹಿಂದೆ ಒಂದು ಹೊರಕ್ಕೆ. ಒಳಕ್ಕೆ ಬರುವ ಗಾಳಿ ಹೆಚ್ಚಿದ್ದರೆ ಸಂದುಗಳಿಂದ ಧೂಳು ನುಗ್ಗುವುದು ಕಡಿಮೆಯಾಗುತ್ತದೆ, ಜಾಲರಿಯ ಹಿಂದಿನ ಫಿಲ್ಟರನ್ನು ಆಗಾಗ ತೊಳೆದರೆ ಸಾಕು. ಬ್ಲೋವರಿನಿಂದ ಒಳಗೆ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಗಾಳಿಯ ರಭಸಕ್ಕೆ ಅದು ಅತಿ ವೇಗವಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ, ಬೋರ್ಡಿನ ಕಡೆಗೆ ವಿದ್ಯುತ್ತೂ ಹರಿಯಬಹುದು.

ಬೆಟಗೇರಿಯಿಂದ:

ಅಕ್ಕನವರೇ, ಸರ್, ನಿಮ್ಮೆಲ್ಲರ ಮಾತು ಕೇಳಿ ಹೀಗೆ ತೀರ್ಮಾನಿಸಿದ್ದೇವೆ: ರೈಜನ್ 5 5600, ಬಿ550 ಬೋರ್ಡ್, 8ರ ಎರಡು ಡಿಡಿಆರ್4-3200, ಹೊಸ ಆರ್‌ಎಕ್ಸ್ 6600, 500 ಜಿಬಿ ಎನ್‌ವಿಎಂಇ, 550 ವ್ಯಾಟ್ ಬ್ರಾಂಜ್ ಎಸ್‌ಎಂಪಿಎಸ್, ಜಾಲರಿ ಮುಖದ ಸಾದಾ ಕ್ಯಾಬಿನೆಟ್. ಯುಪಿಎಸ್ ಮುಂದಿನ ತಿಂಗಳು. ಇದೆಲ್ಲವನ್ನೂ ಕಂಪ್ಯೂಟರ್ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸುವುದೋ, ಆನ್‌ಲೈನಿನಲ್ಲೋ, ಹುಬ್ಬಳ್ಳಿಯಲ್ಲೋ?

ಸಾಧನಕೇರಿ, ಧಾರವಾಡದಿಂದ:

ಬೆಲೆಯಲ್ಲಿ ಸಾವಿರ ಎರಡು ಸಾವಿರದ ಅಂತರವಿದ್ದರೆ ಹುಬ್ಬಳ್ಳಿಯಲ್ಲೇ ಕೊಳ್ಳಿ ಎನ್ನುತ್ತೇನೆ. ಗದಗಿನಿಂದ ರೈಲಿಗೋ ಬಸ್ಸಿಗೋ ಹತ್ತಿದರೆ ಬೆಳಿಗ್ಗೆ ಹೋಗಿ ಸಂಜೆ ಬರಬಹುದು, ಬೋರ್ಡ್ ಹೊಸದಿದ್ದಾಗಲೇ ಸತ್ತಿದ್ದರೆ ಮರುದಿನವೇ ಎದುರಿಗೆ ಇಡಬಹುದು. ಅಂತರ ಹೆಚ್ಚಿದ್ದರೆ ಕಾರ್ಡನ್ನಷ್ಟೇ ಬೇರೆ ಕಡೆಯಿಂದ ತರಿಸಿ. ಎಲ್ಲಿ ಕೊಂಡರೂ ಜಿಎಸ್‌ಟಿ ಬಿಲ್ ಬಿಡಬೇಡಿ. ಬಿಲ್ ಬೇಡವೆಂದರೆ 18 ಪ್ರತಿಶತ ತೆರಿಗೆ ಉಳಿಯುತ್ತದೆ ಎಂದು ಕೆಲವರು ಹೇಳುತ್ತಾರೆ, ಉಳಿಯುವುದು ಅವರಿಗೆ, ವಾರಂಟಿ ಹೋಗುವುದು ನಿಮಗೆ. ಪ್ರತಿಯೊಂದು ಭಾಗದ ಮಾದರಿ ಸಂಖ್ಯೆಯೂ ಸೀರಿಯಲ್ ನಂಬರೂ ಬಿಲ್ಲಿನಲ್ಲಿ ಬರಲಿ, ಪೆಟ್ಟಿಗೆಯ ಮೇಲಿನ ನಂಬರಿಗೂ ವಸ್ತುವಿನ ಮೇಲಿನ ನಂಬರಿಗೂ ತಾಳೆ ನೋಡಿ. ಅಂಗಡಿಯಲ್ಲೇ ಜೋಡಿಸಿಸಿಕೊಂಡು ಒಯ್ಯುವುದಾದರೆ, ಪ್ರಯಾಣಕ್ಕೆ ಮೊದಲು ಗ್ರಾಫಿಕ್ಸ್ ಕಾರ್ಡನ್ನು ಬಿಚ್ಚಿಸಿ ಅದರ ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳಿ. ರಸ್ತೆಯ ಕುಲುಕಾಟಕ್ಕೆ ಕಾರ್ಡಿನ ತೂಕ ಸ್ಲಾಟನ್ನು ಮುರಿಯಬಲ್ಲದು.

ಬೆಟಗೇರಿಯಿಂದ:

ಹಾಗೆಯೇ ಮಾಡುತ್ತೇವೆ ಸರ್. ಕೊನೆಯದೊಂದು ಪ್ರಶ್ನೆ. ಇಂದು ಮಾನಿಟರಿನ ಹಿಂದೆ ನೋಡಿದರೆ ಅದರಲ್ಲಿ ನೀಲಿ ಬಣ್ಣದ ವಿಜಿಎ ಪೋರ್ಟ್ ಮಾತ್ರ ಇದೆ, ಎಚ್‌ಡಿಎಂಐ ಇಲ್ಲ. ಕಾರ್ಡಿಗೆ ಇದು ಹೊಂದುತ್ತದೆಯೇ?

ವಿದ್ಯಾನಗರ, ಹುಬ್ಬಳ್ಳಿಯಿಂದ:

ನೇರವಾಗಿ ಹೊಂದುವುದಿಲ್ಲ. ಆರ್‌ಎಕ್ಸ್ 6600ರಲ್ಲಿ ಎಚ್‌ಡಿಎಂಐ ಮತ್ತು ಡಿಸ್‌ಪ್ಲೇಪೋರ್ಟ್ ಮಾತ್ರ ಇರುತ್ತವೆ. ಮದರ್‌ಬೋರ್ಡಿನಲ್ಲಿ ವಿಜಿಎ ಪೋರ್ಟ್ ಇದ್ದರೂ ಅದಕ್ಕೆ ಹಚ್ಚಬೇಡಿ, 5600ರೊಳಗೆ ಗ್ರಾಫಿಕ್ಸ್ ಇಲ್ಲದ ಕಾರಣ ಅಲ್ಲಿಂದ ಏನೂ ಬರುವುದಿಲ್ಲ. ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ ಸಣ್ಣ ಕನ್ವರ್ಟರ್ ಕೊಳ್ಳಿ, ಒಳಗೆ ಚಿಪ್ ಇರುವಂಥದ್ದು. ಎರಡು ತುದಿಯ ಪಿನ್‌ಗಳನ್ನಷ್ಟೇ ಜೋಡಿಸಿದ ಬರಿಯ ಕೇಬಲ್ ಕೆಲಸಕ್ಕೆ ಬಾರದು. 1080ಪಿ, 60 ಹರ್ಟ್ಸ್ ಅದರಲ್ಲಿ ಸರಾಗವಾಗಿ ಬರುತ್ತದೆ. ಮುಂದೆ 144 ಹರ್ಟ್ಸ್ ಮಾನಿಟರ್ ಕೊಂಡಾಗ ಕನ್ವರ್ಟರ್ ತೆಗೆದು, ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿ, ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ರಿಫ್ರೆಶ್ ರೇಟನ್ನು 144ಕ್ಕೆ ಕೈಯಾರೆ ಬದಲಿಸಿ, ಎಷ್ಟೋ ಸಲ ಅದು 60ರಲ್ಲೇ ಉಳಿದಿರುತ್ತದೆ.